ಮರಿಗೆ ಹಾಲು ಹಾಕಿದ್ದು ನಾನೇ

ಮಗಳೇ,

ನಿನ್ನೆ ಸಂಜೆಯಿಂದ ನಾಯಿಮರಿ ನಾಲ್ಕು ಸಲ ವಾಂತಿ ಮಾಡಿದೆ. ಒರೆಸಿ ಒರೆಸಿ ಕೈಗೂ ಮನಸ್ಸಿಗೂ ಜೋಮು ಹಿಡಿದಿದೆ.

ಡಾಕ್ಟರಿಗೆ ಫೋನು ಮಾಡಿದ್ದೆ. ಅವರು ಹೇಳಿದ ಹಾಗೆ ಮಧ್ಯಾಹ್ನದವರೆಗೆ ತಿನ್ನಲು ಏನೂ ಹಾಕಬೇಡ, ಆಗಾಗ ಎರಡೆರಡು ಚಮಚ ನೀರು ಮಾತ್ರ ಕುಡಿಸು. ಅದರ ನೋಟಕ್ಕೆ ಕರಗಬೇಡ. ಮತ್ತೆ ಕಕ್ಕಿದರೆ, ಇಲ್ಲವೇ ಕರೆದರೂ ತಲೆ ಎತ್ತದಿದ್ದರೆ, ನನಗಾಗಿ ಕಾಯದೆ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಅವರ ಹತ್ತಿರ ಓಡು.

ನಿನ್ನೆ "ಯಾರೇ ಅದಕ್ಕೆ ಹಾಲು ಸುರಿದಿದ್ದು?" ಎಂದು ಕೂಗಿದೆ. "ನಾನೊಬ್ಳೇನಾ? ಅಪ್ಪಾನೂ ಹಾಕಿದ್ರು" ಎಂದು ನೀನು ಅತ್ತೆ. ನಿಮ್ಮಿಬ್ಬರಿಗಿಂತ ಮೊದಲೇ ನಾನು ಒಂದು ಬಟ್ಟಲು ತುಂಬ ಹಾಕಿದ್ದೆ. ಹೇಳಲು ಬಾಯಿ ಬರಲಿಲ್ಲ.

ಅದರ ಪಕ್ಕದಲ್ಲೇ ಕೂತಿರು. ಸಂಜೆ ನನ್ನ ಚಪ್ಪಲಿ ಕಚ್ಚಲು ಅದು ಓಡಿ ಬಂದರೆ, ಈ ಸಲ ಬೈಯುವುದಿಲ್ಲ.

ಅಮ್ಮ