ಕಿಟಕಿ ಮೇಲಿನ ಲೋಟ

ಅಪ್ಪಾ,

ನಾನೇನು ಹೇಡಿ ಅಲ್ಲ. ಸಿಡಿಮದ್ದಿನ ಬತ್ತಿಗೆ ಬೆಂಕಿ ಹಚ್ಚಿ ಓಡಿದ್ರೆ ಮಾತ್ರ ಗಂಡಸು, ವೈರ್ ಎಳ್ಕೊಂಡು ದೂರ ನಿಂತು ಗುಂಡಿ ಒತ್ತೋನು ಪುಕ್ಕಲ ಅಂತ ಯಾರು ಹೇಳಿದ್ದು? ಮಾತು ಬಿಟ್ಟಿದ್ದೀರಲ್ಲ, ಅದಕ್ಕೇ ಬರೀತಿದೀನಿ.

ಮಿಲಿಟರೀಲಿ ನಿಮಗೆ ಶತ್ರು ಬರೋದ್ರೊಳಗೆ ಸೇತುವೆ ಬೀಳಬೇಕಿತ್ತು. ಒಂದೇ ಏಟಿಗೆ ಎಲ್ಲಾ ಢಂ! ಆಮೇಲೆ ಅದರ ಪಕ್ಕದಲ್ಲಿ ನೀವು ಸಂಸಾರ ಮಾಡಬೇಕಾಗಿರ್ಲಿಲ್ಲ. ನಾನು ಒಡೆಯೋ ಬಂಡೆ ನಮ್ಮ ಬೀದಿ ಹಿಂದೇನೇ ಇದೆ. ಅದಕ್ಕೇ ಕ್ವಾರೀಲಿ ಮದ್ದು ತುಂಬಿದ ಕುಳಿಗಳು ಒಟ್ಟಿಗೆ ಸಿಡಿಯಲ್ಲ, ಕಣ್ಣು ಮಿಟುಕಿಸೋದ್ರೊಳಗೆ ಒಂದಾದ್ಮೇಲೊಂದು ಸಿಡೀತವೆ. ನೆಲ ಅದುರೋದು ಕಮ್ಮಿ.

ಸ್ಕೂಲ್ ಬಿಟ್ಟೋನು ಹೇಳಿದ್ರೆ ನಂಬ್ತೀರಾ? "ನೋಡೇ ಬಿಡೋಣ" ಅಂತ ಕಿಟಕಿ ಮೇಲೆ ಲೋಟದ ತುಂಬಾ ನೀರಿಟ್ರಿ. ಒಂದು ಹನಿ ಚೆಲ್ಲಿದ್ರೂ ಕೆಲಸ ಬಿಡು ಅಂದ್ರಿ. ಅದೇ ನೀವು ನನ್ನ ಹತ್ರ ಆಡಿದ ಕೊನೇ ಮಾತು.

ಇವತ್ತು ಬೆಳಿಗ್ಗೆ ಗುಂಡಿ ಒತ್ತಿದ್ದು ನಾನೇ. ಬಂಡೆ ನಾನು ಹೇಳಿದ ಕಡೆಗೇ ಉರುಳ್ತು. ಮೇಸ್ತ್ರಿ ಬೆನ್ನು ತಟ್ಟಿ, "ಸಿಪಾಯಿ ಮಗ ಅಲ್ವೇನೋ!" ಅಂದ್ರು. ಊಟಕ್ಕೂ ನಿಲ್ಲದೆ ಮನೆಗೆ ಓಡಿ ಬಂದೆ. ಲೋಟ ಇಟ್ಟ ಹಲಗೆ ಒಣಗೇ ಇದೆ, ಮುಟ್ಟಿ ನೋಡಿ! ಗೆದ್ದೆ!

ಸದ್ದಿಗೆ ನೀವು ಮಂಚ ಹಿಡ್ಕೊಂಡು ಕೂತಿದ್ರಂತೆ, ಅಮ್ಮ ಹೇಳಿದ್ಲು. ಮೇಜಿನ ಮೇಲೆ ಹತ್ತಿ ಇಟ್ಟಿದೀನಿ. ಇನ್ಮೇಲೆ ಸೈರನ್ ಕೂಗಿದ ತಕ್ಷಣ ಕಿವಿಗೆ ತುರುಕ್ಕೊಳ್ಳಿ.

ಮತ್ತೆ ಕ್ವಾರಿಗೆ ಹೊರಟೆ. ಬಾಗಿಲು ಧಡಾರ್ ಅಂತ ಬಡಿದೇ ಹೋಗ್ತೀನಿ. ಅದಕ್ಕೆ ನೀರು ಚೆಲ್ಲಿದ್ರೆ ಲೆಕ್ಕಕ್ಕಿಲ್ಲ.

ಇಂತಿ,
ನಿಮ್ಮ ಪುಕ್ಕಲ ಮಗ