ಎಡಬಾಗಿಲಿನ ಒಳಹಿಡಿ

ಕೊಪ್ಪ, ಬುಧವಾರ
೧೫ ನವೆಂಬರ್ ೨೦೦೬

ನರಸಿಂಹರಾಜಪುರದ ಪದ್ಮರಾಜಯ್ಯನವರಿಗೆ,

ನಿಮ್ಮ ಎರಡು ಸೀಟಿನ ಇಂಗ್ಲೆಂಡ್ ಕಾರಿಗೆ ಒಳಗಿನ ಹೊದಿಕೆ ಹೊಲಿದುಕೊಟ್ಟರೆ ನಾಲ್ಕು ಜನರೆದುರು ನನ್ನ ಹೆಸರು ಹೇಳುತ್ತೇನೆ ಎಂದಿರಿ. ಹೇಳಲಿಲ್ಲ. ಮೊದಲ ಸವಾರಿ ನನಗೇ ಎಂದಿರಿ. ಅದೂ ಇಲ್ಲ. ಶೃಂಗೇರಿಯಲ್ಲಿ ಜೀಪಿನವರ ಮುಂದೆ, "ಎಡಬಾಗಿಲ ಹೊದಿಕೆ ಸುಕ್ಕಾಗಿದೆ ನೋಡಿ, ಕೊಪ್ಪದ ಆ ಹೆಂಗಸಿಗೆ ಕೆಲಸ ಬರಲ್ಲ" ಎಂದಿರಿ. ಆಮೇಲೆ ಒಂದು ಜೀಪೂ ನನ್ನ ಅಂಗಡಿಗೆ ಬಂದಿಲ್ಲ.

ಎಡಬಾಗಿಲು ಬಲದ್ದಕ್ಕಿಂತ ಎರಡು ಬೆರಳು ಗಿಡ್ಡವಿದೆ ಎಂದು ನಾನು ಮೊದಲೇ ತೋರಿಸಿದ್ದೆ. "ಕೈಯಲ್ಲಿ ಕಟ್ಟಿದ ಗಾಡಿ ಮಾರಾಯ್ತಿ, ಹಾಗಿರೋದೇ ಅದ್ರ ಚಂದ. ನೀನು ಎರಡೂ ಒಂದೇ ಅಳತೆಗೆ ಕತ್ತರಿಸು" ಎಂದವರು ನೀವು. ಇಂಗ್ಲೆಂಡಿನ ಕೈ ಸೊಟ್ಟ ಮಾಡಿದರೆ ಚಂದ, ಕೊಪ್ಪದ ಕೈಯ ಸುಕ್ಕು ಮಾತ್ರ ತಪ್ಪೇ?

ಹೊದಿಕೆ ಹಾಕುವಾಗ ಬಿಚ್ಚಿದ ಆ ಬಾಗಿಲಿನ ಒಳಹಿಡಿ ಇನ್ನೂ ನನ್ನ ಮೇಜಿನ ಮೇಲೇ ಇದೆ. ನೀವು ಸುತ್ತಿ ಬಂದು ಹೊರಗಿನಿಂದ ತೆಗೆಯುವ ತನಕ ನಿಮ್ಮ ಮನೆಯವರು ಇಳಿಯುವಂತಿಲ್ಲವಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಮಸ್ಕಾರ ತಿಳಿಸಿ.

ಜೀಪಿನವರನ್ನೆಲ್ಲ ಕರೆದಿದ್ದೇನೆ. ಅವರೆದುರು ಎರಡೂ ಬಾಗಿಲು ಅಳೆಯೋಣ. ಆಡಿದ ಮಾತನ್ನು ನೀವು ವಾಪಸು ತೆಗೆದುಕೊಳ್ಳಿ, ನಾನು ಹಿಡಿ ಹಾಕುತ್ತೇನೆ. ಆಮೇಲೆ ಪೇಟೆಯಲ್ಲಿ ಒಂದು ಸುತ್ತು, ನಿಮ್ಮ ಪಕ್ಕದ ಸೀಟಿನಲ್ಲಿ ನಾನು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಕೊಪ್ಪ ಬಸ್ ನಿಲ್ದಾಣದ ಎದುರು.

ಲೋಲಾಕ್ಷಿ
ಸೀಟು ಮತ್ತು ಜೀಪಿನ ಟಾಪು ಹೊಲಿಯುವವಳು