ನೆಲದ ಮೇಲೆ ಬರೆದ ಕಂಬಳಿ

ನವನಗರ, ಬಾಗಲಕೋಟೆ
21-7-2025, ಸೋಮವಾರ

ನನ್ನ ಮುದ್ದು ಅವ್ವನಿಗೆ, ನಿನ್ನ ಲಲಿತಾಳಿಂದ ನೂರೆಂಟು ನಮಸ್ಕಾರ, ಸಾವಿರ ಮುತ್ತು.

ಪತ್ರ ನೀನು ಬಿಸಿಯೂಟದ ಅಡುಗೆ ಮಾಡುವ ಶಾಲೆಯ ವಿಳಾಸಕ್ಕೆ ಬಂತೆಂದು ಗಾಬರಿಯಾಗಬೇಡ. ಮನೆಯ ಫೋನು ಹಣಮೇಶಣ್ಣನ ಕೈಯಲ್ಲಿದೆ. ನನ್ನ ದನಿ ಕೇಳಿದರೆ ಕಟ್ ಮಾಡುತ್ತಾನೆ. ಸಂಗಮೇಶರನ್ನು ನಾನೇ ಮೆಚ್ಚಿ ಮದುವೆಯಾಗಿ ಮೂರು ತಿಂಗಳಾಯಿತು, ಅವನ ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷ್ ಮೀಡಿಯಂಗೆ ಹಾಕಿದವಳು ನೀನೇ, ತಪ್ಪಿದ್ದರೆ ನಗಬೇಡ.

ಅವ್ವಾ, ನಾನು ತುಂಬ ತುಂಬ ಖುಷಿಯಾಗಿದ್ದೇನೆ! ಬೆಳಗಿನ ಚಹಾ ಇವರೇ ಮಾಡುತ್ತಾರೆ. ಸಕ್ಕರೆ ಮರೆಯುತ್ತಾರೆ, ನಾನು ಹಾಗೆಯೇ ಕುಡಿದು ಸೂಪರ್ ಎನ್ನುತ್ತೇನೆ. ಎಂಟಕ್ಕೆ ವಿದ್ಯಾಗಿರಿಯ ಔಷಧಿ ಅಂಗಡಿಗೆ ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಮಧ್ಯಾಹ್ನ ಕುಕ್ಕರ್ ಸೀಟಿ ಹೊಡೆದರೂ ನಾನು "ಬಂದೆ" ಎಂದು ಉತ್ತರ ಕೊಡುತ್ತೇನೆ.

ನಿನ್ನೆ ರವಿವಾರವೂ ಇವರಿಗೆ ಕೆಲಸ. ಒಬ್ಬಳೇ ಕೂರಬೇಡ ಎಂದು ನನ್ನನ್ನು ಊರ ಹೊರಗಿನ ಹಳೆಯ ಜಿನ್ನಿಂಗ್ ಮಿಲ್ಲಿಗೆ ಗಾಡಿಯಲ್ಲಿ ಬಿಟ್ಟು ಹೋದರು. ಹತ್ತಿಯ ಬೀಜ ಬಿಡಿಸುತ್ತಿದ್ದ ಆ ಜಾಗವನ್ನು ಈಗ ಬೀದಿಚಿತ್ರಗಳ ಮ್ಯೂಸಿಯಂ ಮಾಡಿದ್ದಾರೆ. ಮೂರಾಳೆತ್ತರದ ಗೋಡೆಗಳ ತುಂಬ ಸ್ಪ್ರೇ ಬಣ್ಣ. ಟಂಟಂ ಆಟೋ ಓಡಿಸುವ ಕೋಳಿ, ಇಳಕಲ್ ಸೀರೆಯ ಸೆರಗನ್ನು ರೆಕ್ಕೆಯಂತೆ ಬಿಚ್ಚಿ ಹಾರುವ ಮುದುಕಿ. ಎಲ್ಲ ಕಡೆ ಜೋಡಿಗಳು. ಮೂರು ಜೋಡಿ ನನ್ನ ಕೈಗೆ ಫೋನ್ ಕೊಟ್ಟು ಫೋಟೋ ತೆಗೆಸಿಕೊಂಡರು.

ಒಳಗಿನ ದೊಡ್ಡ ಕೋಣೆಯ ನೆಲದ ಮೇಲೆ ಅಂಗಳದಷ್ಟು ಅಗಲದ ಕರಿಕಂಬಳಿ ಬರೆದಿದ್ದರು. ಜನ ಬೂಟು ಹಾಕಿಕೊಂಡೇ ಅದರ ಮೇಲೆ ಓಡಾಡುತ್ತಿದ್ದರು. ನಮ್ಮ ಬೀರಪ್ಪನ ಗುಡಿಯ ಕಂಬಳಿಗೆ ಮಾಡುವಂತೆ ನಾನು ಯೋಚಿಸದೆಯೇ ಚಪ್ಪಲಿ ಕಳಚಿ ಕಾಲಿಟ್ಟೆ. ಕಸ ಗುಡಿಸುತ್ತಿದ್ದ ಮಲ್ಲಮ್ಮ ಎಂಬ ಹಿರಿಯಾಕೆ ನಕ್ಕುಬಿಟ್ಟರು.

"ಬೀರಪ್ಪನ ಒಕ್ಕಲೇನ ತಂಗಿ? ಬಣ್ಣದ ಕಂಬಳಿ ಐತದು. ಬೀರಪ್ಪ ಟಿಕೀಟ್ ತಗೊಂಡು ಇಲ್ಲಿತನಕ ಬರಂಗಿಲ್ಲ ಬಿಡು."

ಆಮೇಲೆ ನನ್ನ ಕಾಲುಂಗುರ ನೋಡಿ, ಮದುವೆಯಾದ ಮೇಲಿನ ಮೊದಲ ನಾಗರಪಂಚಮಿಗೆ ತವರಿನಿಂದ ಕರೆಯಲು ಯಾರು ಬರುತ್ತಾರೆ ಎಂದು ಕೇಳಿದರು.

ಎಲ್ಲರಿಗೂ ಹೇಳುವ ಉತ್ತರ ಬಾಯಿಯ ತನಕ ಬಂದಿತ್ತು. ಆದರೆ ಕಂಬಳಿಯ ಮೇಲೆ ನಿಂತು ಸುಳ್ಳಾಡಬಾರದೆಂದು ಹೇಳಿಕೊಟ್ಟವಳು ನೀನು. ಬಣ್ಣದ್ದೇ ಆದರೂ ಕಂಬಳಿ ಕಂಬಳಿಯೇ.

"ಯಾರೂ ಬರಂಗಿಲ್ರಿ," ಎಂದೆ.

ಅಷ್ಟು ಜನರ ನಡುವೆ ನನ್ನ ದನಿ ನನಗೇ ಬೇರೆಯವರದೆನಿಸಿತು. ಮಲ್ಲಮ್ಮ ಕಸಬರಿಗೆ ಬದಿಗಿಟ್ಟು ತಮ್ಮ ಬುತ್ತಿಯ ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟರು. ನಾನು ತಿಂದು ಮುಗಿಸಿದ ಮೇಲೆ ಇಷ್ಟೇ ಅಂದರು: "ನೀ ಹಾದಿ ಕಾಯೂದು ನಿಮ್ಮವ್ವಗರ ಗೊತ್ತೈತೇನು?"

ಅದಕ್ಕೇ ಈ ಪತ್ರ ಬರೆದೆ. ನನಗಾಗಿ ಅಣ್ಣನ ಜೊತೆ ಜಗಳವಾಡಬೇಡ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ಖುಷಿಯ ಮಗಳು,
ಲಲಿತಾ

ತಾ.ಕ.: ಪಂಚಮಿಗೆ ಅಣ್ಣ ಬರುತ್ತಾನೆ, ಅವನ ಸಿಟ್ಟು ಇಳಿದಿದೆ ಎಂದು ಓಣಿಯವರಿಗೂ ಇವರಿಗೂ ಹೇಳಿಬಿಟ್ಟಿದ್ದೇನೆ. ಇವರು ಅಣ್ಣನಿಗೆಂದು ಅಂಗಿಯ ಬಟ್ಟೆ ತಂದಿಟ್ಟಿದ್ದಾರೆ. ಹಾಗಾಗಿ ಬರುವ ಸೋಮವಾರ, ಪಂಚಮಿಯ ಹಿಂದಿನ ದಿನ, ಬ್ಯಾಗು ಹಿಡಿದು ನಾನು ಹೊರಡಲೇಬೇಕು. ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ, ನಮ್ಮೂರು ರಾಮಥಾಳದ ಬಸ್ಸು ನಿಲ್ಲುವ ಕಡೆ, ಸಂಜೆಯ ತನಕ ಕುಳಿತಿರುತ್ತೇನೆ. ಆಮೇಲೆ ಎಲ್ಲಿಗೆ ಎಂದು ಇನ್ನೂ ಯೋಚಿಸಿಲ್ಲ.